ಹತ್ತನೆಯ ತರಗತಿಯಲ್ಲಿ ಕೂಡು-ಕಳೆ: ಗಣಿತ ಶಿಕ್ಷಕನ ಅನುಭವ

ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ಮೂಲಕ ನೇರ ನಿಗಾ) ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿದಾಗ, ಶಿವಮೊಗ್ಗ ನಗರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಮಕ್ಕಳು ಎಡವುತ್ತಿದ್ದುದು ಹತ್ತನೆಯ ತರಗತಿಯ ಪಾಠದಲ್ಲಲ್ಲ, ಆರು-ಏಳನೆಯ ತರಗತಿಯ ಲೆಕ್ಕದಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. x²−3x−10=0 ಎಂಬ ವರ್ಗ ಸಮೀಕರಣಕ್ಕೆ ಸೂತ್ರವನ್ನು ತಪ್ಪಿಲ್ಲದೆ ಬರೆದ ಹುಡುಗಿಯೊಬ್ಬಳು, ಶೋಧಕದ (b²−4ac) ಬೆಲೆಯನ್ನು 9+40 ಎನ್ನುವ ಬದಲು 9−40 ಎಂದು ಲೆಕ್ಕ ಹಾಕಿ, ವಾಸ್ತವ ಮೂಲಗಳಿಲ್ಲ ಎಂದು ಮುಗಿಸಿದ್ದಳು. ಅದೇ ಹುಡುಗಿ −3−5 ಎಷ್ಟೆಂದರೆ 8 ಎನ್ನುತ್ತಿದ್ದಳು. "ಮೈನಸ್ ಮೈನಸ್ ಪ್ಲಸ್ ಅಲ್ವಾ ಸಾರ್" ಎಂಬುದು ಅವಳ ಸಮರ್ಥನೆ. ಗುಣಾಕಾರದ ನಿಯಮ ಕೂಡುವಲ್ಲಿಗೆ ಬಂದು ಕುಳಿತಿತ್ತು, ಗುಣಿಸಬೇಕಾದಲ್ಲಿ ಮರೆತುಹೋಗಿತ್ತು. ಅಂಗಡಿಯ ಉದ್ರಿ ಪುಸ್ತಕದಲ್ಲಿ ಮೂರು ರೂಪಾಯಿಯ ಮೇಲೆ ಐದು ಬರೆಸಿದರೆ ಸಾಲ ತೀರುತ್ತದೆಯೇ ಎಂದು ಕೇಳಿದ ಮೇಲೆ ಕೂಡುವುದು ಸರಿಹೋಯಿತು. ಗುಣಾಕಾರಕ್ಕೆ ಮಾತ್ರ ಬಹಳ ದಿನ ಹಿಡಿಯಿತು.

ಇಂಥ ಎಡವಟ್ಟುಗಳು ಉತ್ತರ ಪತ್ರಿಕೆಯ ಕೆಂಪು ಗೆರೆಯಿಂದ ಪತ್ತೆಯಾಗುವುದಿಲ್ಲ. ಆದ್ದರಿಂದ ಹಿಂದಿನ ತರಗತಿಗಳ ಪಾಠವನ್ನು ಮತ್ತೆ ನೆನಪಿಸುವ ಜೂನ್ ತಿಂಗಳ ಸೇತುಬಂಧವನ್ನು ಅಲ್ಲಿಗೇ ನಿಲ್ಲಿಸದೆ, ಪ್ರತಿಯೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಲೆಕ್ಕವನ್ನು ಬಾಯಲ್ಲಿ ಹೇಳುತ್ತಾ ಮಾಡಿಸಿದೆ. ಪಾಸಾಗುವಷ್ಟು ಅಂಕಕ್ಕೆ ಬೇಕಾದ ಆಯ್ದ ಪ್ರಶ್ನೆಗಳನ್ನಷ್ಟೇ ಅಭ್ಯಾಸ ಮಾಡಿಸುವ ಪಾಸಿಂಗ್ ಪ್ಯಾಕೇಜ್ ಇರುವಾಗ ಇದೆಲ್ಲ ಏಕೆ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಲಿಖಿತ ಪರೀಕ್ಷೆಯ 80 ಅಂಕಗಳಲ್ಲಿ ಉತ್ತೀರ್ಣತೆಗೆ ಬೇಕಾಗಿದ್ದ 28ಕ್ಕೆ ನಾವು ನೆಚ್ಚುವ ನಕ್ಷೆಯ ಲೆಕ್ಕದಲ್ಲೂ x ಬದಲಿಗೆ ಋಣ ಸಂಖ್ಯೆಯನ್ನು ಆದೇಶಿಸಬೇಕಾಗುತ್ತದೆ. ಅದು ಬಾರದವನಿಗೆ ಪ್ಯಾಕೇಜ್ ಬರಿಯ ಕಂಠಪಾಠ.

ಸಂಜೆಯ ವಿಶೇಷ ತರಗತಿಗೆ ಅಡ್ಡಬಂದದ್ದು ಅಡಿಕೆ ಕೊಯ್ಲು. ಆ ದಿನಗಳಲ್ಲಿ ನಗರದಂಚಿನ ಬಡಾವಣೆಗಳ ಕೆಲವು ತಾಯಂದಿರು ಸುತ್ತಲಿನ ಹಳ್ಳಿಗಳಿಗೆ ಅಡಿಕೆ ಸುಲಿಯಲು ಹೋಗುತ್ತಾರೆ, ಹೆಣ್ಣುಮಕ್ಕಳು ಜೊತೆಗೆ ಹೋಗುತ್ತಾರೆ, ಇಲ್ಲವೇ ತಮ್ಮ-ತಂಗಿಯರನ್ನು ನೋಡಿಕೊಂಡು ಮನೆಯಲ್ಲಿ ಉಳಿಯುತ್ತಾರೆ. ಮನೆಗೆ ಹೋಗಿ ಕೇಳಿದರೆ, "ಸುಲಿದಷ್ಟಕ್ಕೆ ದುಡ್ಡು ಸಾರ್, ಒಬ್ಬಳೇ ಎಷ್ಟು ಸುಲೀಲಿ" ಎಂಬ ಉತ್ತರ ಬಂತು. ಅದಕ್ಕೆ ಎದುರಾಡಲು ನನ್ನಲ್ಲಿ ಮಾತಿರಲಿಲ್ಲ. ತರಗತಿಯನ್ನೇ ಬೆಳಗಿನ ಪ್ರಾರ್ಥನೆಗೆ ಮುಂಚಿನ ಹೊತ್ತಿಗೆ ಬದಲಾಯಿಸಿದೆ. ಹಾಜರಾತಿ ಸುಧಾರಿಸಿತು, ಆದರೆ ದೂರದಿಂದ ಸಿಟಿ ಬಸ್ಸಿನಲ್ಲಿ ಬರುವವರು ಕೊನೆಯವರೆಗೂ ತಡವಾಗಿಯೇ ಬಂದರು.

ವರ್ಷದ ಮೊದಲ ಎಸ್ಸೆಸ್ಸೆಲ್ಸಿ ಪರೀಕ್ಷೆಯಾದ ಪರೀಕ್ಷೆ-1ರಲ್ಲಿ ಗಣಿತದಲ್ಲಿ ಅನುತ್ತೀರ್ಣರಾದವರನ್ನು ಮರುಅವಕಾಶವಾದ ಪರೀಕ್ಷೆ-2ಕ್ಕೆ ಇದೇ ಕ್ರಮದಲ್ಲಿ ತಯಾರು ಮಾಡುತ್ತಿದ್ದೇನೆ. ಬಾಯಿಲೆಕ್ಕದ ಪರಿಶೀಲನೆಯನ್ನು ಈಗ ಎಂಟನೆಯ ತರಗತಿಗೆ ಸೇರುವಾಗಲೇ ನಡೆಸುತ್ತೇನೆ.