ಮಾಳಿಗೆ ಮೇಲೆ ಪುದೀನ, ಕೊತ್ತಂಬರಿ: ಬರೀ ಎರೆ ಮಣ್ಣು ತುಂಬಬೇಡಿ

ಕಲಬುರಗಿಯಲ್ಲಿ ಕುಂಡಕ್ಕೆ ಹೊಲದ ಎರೆ ಮಣ್ಣು ತುಂಬಿದವರಿಗೆ ಇದು ಗೊತ್ತಿರುತ್ತದೆ. ನೀರು ಹಾಕಿದರೆ ಜಿಗಟು, ಒಣಗಿದರೆ ಬೆರಳು ತೂರುವಷ್ಟು ಬಿರುಕು. ನಾನೂ ಎರಡು ವರ್ಷ ಹಾಗೇ ಮಾಡಿ ಪುದೀನ ಕೊಳೆಸಿದ್ದೇನೆ. ಈಗ ಎರೆ ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಮೂರೂ ಸಮ ಪಾಲು ಹಾಕುತ್ತೇನೆ. ತಳಕ್ಕೆ ತೂತು ಇರಲೇಬೇಕು.

ಪುದೀನಕ್ಕೆ ಬೀಜ ಹುಡುಕಬೇಡಿ. ಸಂತೆಯಿಂದ ತಂದ ಕಟ್ಟಿನಲ್ಲೇ ನಾಲ್ಕು ದಪ್ಪ ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು ಲೋಟದ ನೀರಲ್ಲಿಡಿ. ಒಂದೆರಡು ವಾರದಲ್ಲಿ ಗಿಣ್ಣಿನಿಂದ ಬಿಳಿ ಬೇರು ಇಳಿಯುತ್ತದೆ. ಅದಕ್ಕೆ ಬೇರೆ ಕುಂಡವೇ ಕೊಡಿ, ಪಕ್ಕದ ಗಿಡದ ಜಾಗವನ್ನೂ ನುಂಗಿಬಿಡುತ್ತದೆ.

ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಚೆನ್ನಾಗಿ ಬರುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಎಲೆ ತುಂಬುವ ಮೊದಲೇ ಹೂವು ಬಿಡುತ್ತದೆ, ಸುಮ್ನೆ ಬೀಜ ದಂಡ. ಆಗ ದೊಡ್ಡಪತ್ರೆ, ತುಳಸಿ ಸಾಕು. ಅವಕ್ಕೂ ಮಧ್ಯಾಹ್ನ ಹಳೇ ಸೀರೆಯ ನೆರಳು ಕಟ್ಟಿ. ನೀರು ಬೆಳಿಗ್ಗೆ ಬೇಗ ಹಾಕಿ. ಮಧ್ಯಾಹ್ನ ಟ್ಯಾಂಕಿನಿಂದ ಬರೋದು ಚಹಾ ಮಾಡೋ ನೀರೇ ಅಲ್ವಾ!