ತೆಳುವಾದ ವ್ಯಾಲೆಟ್‌ನ ಆಯ್ಕೆ

ವ್ಯಾಲೆಟ್ ಕೊಳ್ಳುವ ಮುನ್ನ ಈಗಿರುವುದನ್ನು ಮೇಜಿನ ಮೇಲೆ ಪೂರ್ತಿಯಾಗಿ ಬರಿದುಮಾಡಿ, ಕಳೆದ ಒಂದು ತಿಂಗಳಲ್ಲಿ ನಿಜವಾಗಿ ಬಳಸಿದ ವಸ್ತುಗಳನ್ನಷ್ಟೇ ಪ್ರತ್ಯೇಕಿಸಬೇಕು. ದಪ್ಪಕ್ಕೆ ಕಾರಣ ಬಹುಪಾಲು ಹಳೆಯ ರಸೀದಿ ಮತ್ತು ನಾಣ್ಯಗಳೇ ಆಗಿರುತ್ತವೆ.

ಬ್ಯಾಂಕ್ ಕಾರ್ಡ್‌ನ ಪ್ರಮಾಣಿತ ಅಳತೆ 85.60 × 53.98 ಮಿಲಿಮೀಟರ್, ದಪ್ಪ 0.76 ಮಿಲಿಮೀಟರ್, ಅಂದರೆ ಆರು ಕಾರ್ಡ್‌ಗಳನ್ನು ಒಂದರ ಮೇಲೊಂದಿಟ್ಟರೂ ಐದು ಮಿಲಿಮೀಟರ್ ದಾಟುವುದಿಲ್ಲ. ರಸೀದಿ, ನಾಣ್ಯಗಳನ್ನು ತೆಗೆದ ಮೇಲೆ ಉಳಿಯುವ ದಪ್ಪ ಬಹುಪಾಲು ವ್ಯಾಲೆಟ್‌ನದೇ ಆದ್ದರಿಂದ, ಪ್ರತಿ ಕಾರ್ಡಿಗೂ ಒಂದೊಂದು ಜೇಬು, ಒಳಗೆ ಅಸ್ತರಿ, ಮಡಚಿ ಹೊಲಿದ ಅಂಚು ಇರುವ ವಿನ್ಯಾಸಕ್ಕಿಂತ, ಎರಡು ಮೂರು ಕಾರ್ಡ್‌ಗಳು ಒಟ್ಟಿಗೆ ಕೂರುವ ಜೇಬುಗಳ ಸರಳ ವಿನ್ಯಾಸವೇ ಮೇಲು. ಎರಡಾಗಿ ಮಡಚುವ ವ್ಯಾಲೆಟ್‌ನಲ್ಲಿ ಪ್ರತಿ ಪದರವೂ ಇಮ್ಮಡಿಯಾಗುತ್ತದೆಯಾದರೂ, ನೋಟುಗಳನ್ನು ಬೇರೆಯಾಗಿ ಮಡಚದೆ ಇಡಬಯಸುವವರಿಗೆ ಅದೇ ಅನುಕೂಲ.

ಚರ್ಮವು ಬಳಸಿದಂತೆ ಹಿಗ್ಗುತ್ತದೆ, ಹಿಗ್ಗಿದ ಮೇಲೆ ಮೊದಲಿನ ಬಿಗಿಗೆ ಮರಳುವುದಿಲ್ಲ. ಆದ್ದರಿಂದ ಹೊಸದರಲ್ಲಿ ತುಸು ಬಿಗಿಯಾಗಿರುವುದನ್ನೇ ಆರಿಸಿ, ಜೇಬಿಗೆ ಹೆಚ್ಚುವರಿ ಕಾರ್ಡ್ ತುರುಕದಿರುವುದು ಒಳ್ಳೆಯದು. ಲೋಹದ ಫಲಕಗಳ ವ್ಯಾಲೆಟ್ ಗಟ್ಟಿಮುಟ್ಟು, ಆದರೆ ಸ್ಪರ್ಶರಹಿತ ಪಾವತಿಯ 13.56 ಮೆಗಾಹರ್ಟ್ಸ್ ಸಂಕೇತವನ್ನು ಲೋಹ ತಡೆಯುವುದರಿಂದ ಪ್ರತಿ ಬಾರಿಯೂ ಕಾರ್ಡನ್ನು ಹೊರತೆಗೆಯಬೇಕಾಗುತ್ತದೆ. ಹಗಲಿಡೀ ಕಾರ್ಡ್ ತಾಗಿಸುವವರಿಗೆ ಇದು ಬಹಳ ಬೇಗ ಬೇಸರ ತರಿಸೀತು.

ಅಂಗಡಿಯಲ್ಲಿ ಖಾಲಿ ವ್ಯಾಲೆಟ್ ನೋಡಿ ನಿರ್ಧರಿಸಬೇಡಿ, ಏಕೆಂದರೆ ಖಾಲಿಯಿದ್ದಾಗ ಎಲ್ಲವೂ ತೆಳುವೇ. ನಿಮ್ಮ ಕಾರ್ಡ್, ಗುರುತಿನ ಚೀಟಿ, ನೋಟುಗಳನ್ನು ತುಂಬಿ, ಹೆಚ್ಚು ಬಳಸುವ ಕಾರ್ಡನ್ನು ಒಂದೇ ಕೈಯಿಂದ ತೆಗೆಯಲಾಗುವುದೇ, ತಲೆಕೆಳಗು ಮಾಡಿದಾಗ ಏನಾದರೂ ಜಾರುವುದೇ ಎಂದು ಪರೀಕ್ಷಿಸಿ, ಬಳಿಕ ಮುಂಜೇಬಿನಲ್ಲಿಟ್ಟು ಒಮ್ಮೆ ಕುಳಿತು ನೋಡಿ.