ಕಪ್ಪು ವೈರನ್ನು ಕಣ್ಣುಮುಚ್ಚಿ ನಂಬಬೇಡಿ: ಮನೆಯ ಲೈಟು, ಸ್ವಿಚ್ಚುಗಳ ಬಗ್ಗೆ ಹೊಸಬರಿಗೆ

ಹೊರದೇಶದ ಹೊಸ ಮನೆಗೆ ಬಂದ ಮೊದಲ ವಾರ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಕಥೆ. ಹಾಲ್‌ನಲ್ಲಿ ಬೆಳಕು ಸಾಲದು. ರೂಮಿನ ಸ್ವಿಚ್ಚು ಸಡಿಲ. ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ತಂದ ಟೇಬಲ್ ಲ್ಯಾಂಪಿನ ಪ್ಲಗ್ಗು ಇಲ್ಲಿನ ಸಾಕೆಟ್ಟಿಗೆ ಹೋಗುವುದೇ ಇಲ್ಲ. ‘ಇದಕ್ಕೆಲ್ಲ ಎಲೆಕ್ಟ್ರಿಷಿಯನ್ ಯಾಕೆ, ಸ್ಕ್ರೂಡ್ರೈವರ್ ಇದ್ರೆ ನಾನೇ ಮಾಡ್ತೀನಿ’ ಅನ್ನುವವರು ನಮ್ಮಲ್ಲಿ ಜಾಸ್ತಿ. ನಾನೂ ಹಾಗೆ ಅಂದವನೇ.

ಸ್ವಿಚ್ಚಿನ ಮುಚ್ಚಳ ಬಿಚ್ಚಿದೆ. ಒಳಗೆ ಕಪ್ಪು ವೈರು ಕಂಡಿತು. ನಮ್ಮ ಲೆಕ್ಕದಲ್ಲಿ ಕಪ್ಪು ಅಂದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು) ಅಲ್ವಾ? ಬೆರಳಿನಿಂದ ಪಕ್ಕಕ್ಕೆ ಸರಿಸಿದೆ. ಮೊಣಕೈವರೆಗೆ ಜುಮ್ಮೆಂದಿತು. ಅದು ಅಮೆರಿಕದ ಮನೆ. ಅಲ್ಲಿ ಕಪ್ಪೇ ಫೇಸ್, ಅಂದರೆ ಕರೆಂಟ್ ತರುವ, ಶಾಕ್ ಹೊಡೆಯುವ ವೈರು. ಮೇನ್ ಆಫ್ ಮಾಡದೆ ಕೈ ಹಾಕಿದ್ದು ಒಂದು ತಪ್ಪು, ಬಣ್ಣ ನಂಬಿದ್ದು ಇನ್ನೊಂದು. ಕೈ ಒಣಗಿತ್ತು, ಕಾಲಲ್ಲಿ ಚಪ್ಪಲಿ ಇತ್ತು, ಬಚಾವಾದೆ.

ಮೊದಲು ಈ ಬಣ್ಣದ ವಿಷಯ ಮುಗಿಸೋಣ. ಭಾರತದಲ್ಲಿ ನಾವು ನೋಡುತ್ತಾ ಬೆಳೆದದ್ದು ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ರಕ್ಷಣೆಯ ವೈರು). ಅಮೆರಿಕದಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್. ಅರ್ಥ್ ಹಸಿರು, ಇಲ್ಲವೇ ಹೊದಿಕೆಯೇ ಇಲ್ಲದ ಬರೀ ತಾಮ್ರದ ತಂತಿ. ಯುರೋಪಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಇರುವುದು ಅರ್ಥ್. ಬ್ರಿಟನ್ ಈ ಬಣ್ಣಗಳಿಗೆ ಬದಲಾದದ್ದು 2004ರ ನಂತರ. ಅದಕ್ಕಿಂತ ಹಳೆಯ ಮನೆಗಳಲ್ಲಿ ನಮ್ಮ ಹಾಗೆಯೇ ಕೆಂಪು-ಕಪ್ಪು ಇರುತ್ತದೆ. ಒಂದೇ ಮನೆಯಲ್ಲಿ ಹಳೆಯದೂ ಹೊಸದೂ ಸೇರಿಕೊಂಡಿರುವುದೂ ಉಂಟು. ನೀಲಿಯ ಗೊಂದಲ ಬೇರೆ. ಮೂರು ಫೇಸ್ ಇರುವ ನಮ್ಮ ಹಳೆಯ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸೇ.

ಇಷ್ಟು ಬಾಯಿಪಾಠ ಮಾಡಿಕೊಂಡರೂ ಸಾಲದು. ಚಾವಣಿಯ ಲೈಟಿನಿಂದ ಸ್ವಿಚ್ಚಿಗೆ ಒಂದೇ ಕೇಬಲ್ ಇಳಿಸಿದ್ದರೆ, ಅದರೊಳಗಿನ ಒಂದು ವೈರು ಫೇಸನ್ನು ಕೆಳಗೆ ತರುತ್ತದೆ, ಇನ್ನೊಂದು ಸ್ವಿಚ್ಚಿನಿಂದ ವಾಪಸ್ ಲೈಟಿಗೆ ಒಯ್ಯುತ್ತದೆ. ಅಂದರೆ ಅಲ್ಲಿ ನ್ಯೂಟ್ರಲ್ ಅನ್ನುವುದೇ ಇಲ್ಲ. ಆದರೆ ಒಂದು ವೈರಿನ ಬಣ್ಣ ಮಾತ್ರ ನ್ಯೂಟ್ರಲ್ಲಿನದ್ದೇ ಇರುತ್ತದೆ: ಅಮೆರಿಕದಲ್ಲಿ ಬಿಳಿ, ಬ್ರಿಟನ್ನಿನಲ್ಲಿ ನೀಲಿ ಅಥವಾ ಹಳೆಯ ಕಪ್ಪು. ಅಂಥ ವೈರಿಗೆ ಬೇರೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಬೇಕು ಅನ್ನುವುದು ಪದ್ಧತಿ. ಮಾಡಿರುತ್ತಾರೆ ಅಂತ ನಂಬಿ ಕೂರಬೇಡಿ. ಕೈಗೆ ಸಿಕ್ಕಿದ ಬಣ್ಣದಲ್ಲಿ ಕೆಲಸ ಮುಗಿಸುವವರು ಎಲ್ಲ ದೇಶದಲ್ಲೂ ಇದ್ದಾರೆ.

ಹಾಗಾದರೆ ಯಾವುದನ್ನು ನಂಬುವುದು? ಟೆಸ್ಟರನ್ನು. ಅದನ್ನೂ ಪರೀಕ್ಷೆ ಮಾಡಿದ ಮೇಲೆ.

ಕ್ರಮ ಹೀಗೆ. ಬ್ರೇಕರ್ ಪೆಟ್ಟಿಗೆಯಲ್ಲಿ (ಮನೆಯ ಒಂದೊಂದು ಭಾಗದ ಕರೆಂಟ್ ಆಫ್ ಮಾಡುವ ಸ್ವಿಚ್ಚುಗಳಿರುವ ಪೆಟ್ಟಿಗೆ) ಆ ಲೈಟಿನ ಬ್ರೇಕರನ್ನು ಆಫ್ ಮಾಡಿ. ಯಾವುದು ಅಂತ ಗೊತ್ತಾಗದಿದ್ದರೆ ಸುಮ್ನೆ ಊಹೆ ಬೇಡ, ಮೇನನ್ನೇ ಆಫ್ ಮಾಡಿ. ಮನೆಯವರಿಗೆಲ್ಲ ಹೇಳಿ, ಪೆಟ್ಟಿಗೆಯ ಮೇಲೆ ‘ಕೆಲಸ ನಡೀತಿದೆ, ಹಾಕಬೇಡಿ’ ಅಂತ ಚೀಟಿ ಅಂಟಿಸಿ. ಕರೆಂಟ್ ಹೋಯ್ತು ಅಂದುಕೊಂಡು ಓಡಿಹೋಗಿ ಆನ್ ಮಾಡುವ ಅಜ್ಜಿ-ತಾತಂದಿರು, ಮಕ್ಕಳು ಎಲ್ಲ ಮನೆಯಲ್ಲೂ ಇರುತ್ತಾರೆ. ಆಮೇಲೆ ಟೆಸ್ಟರನ್ನು ಕರೆಂಟ್ ಇದೆ ಅಂತ ಖಂಡಿತವಾಗಿ ಗೊತ್ತಿರುವ ಒಂದು ಕಡೆ ಹಿಡಿಯಿರಿ. ಅದು ತೋರಿಸಬೇಕು. ಮೇನೇ ಆಫ್ ಆಗಿದ್ದರೆ ಈ ಪರೀಕ್ಷೆಯನ್ನು ಅದಕ್ಕೆ ಮೊದಲೇ ಮಾಡಿಕೊಂಡಿರಿ. ಈಗ ನೀವು ಬಿಚ್ಚಿದ ಜಾಗದಲ್ಲಿ ಪ್ರತಿಯೊಂದು ವೈರಿಗೂ ಹಿಡಿಯಿರಿ. ಏನೂ ತೋರಿಸಬಾರದು. ಕೊನೆಗೆ ಮತ್ತೆ ಕರೆಂಟ್ ಇರುವ ಕಡೆ ಹಿಡಿದು, ಟೆಸ್ಟರು ನಡುವೆ ಕೆಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎರಡು ನಿಮಿಷದ ಕೆಲಸ.

ನಮ್ಮ ಹಳೆಯ ಸ್ಕ್ರೂಡ್ರೈವರ್ ಟೆಸ್ಟರ್ ಬಗ್ಗೆ ಒಂದು ಮಾತು. ಅದರೊಳಗಿನ ಪುಟ್ಟ ನಿಯಾನ್ ದೀಪ ನಮ್ಮ ಮೈಯ ಮೂಲಕ ಹರಿಯುವ ಅತಿ ಸಣ್ಣ ಕರೆಂಟಿನಿಂದ ಉರಿಯುತ್ತದೆ. ದಪ್ಪ ರಬ್ಬರ್ ಚಪ್ಪಲಿ ಹಾಕಿ ಮರದ ನೆಲದ ಮೇಲೆ ನಿಂತರೆ, ಅದರಲ್ಲೂ 120 ವೋಲ್ಟಿನ ದೇಶದಲ್ಲಿ, ಅದು ಮಿಣುಕಿದರೂ ಕಣ್ಣಿಗೆ ಕಾಣದೆ ಹೋಗಬಹುದು. ಉರಿದರೆ ಕರೆಂಟ್ ಇದೆ ಅಂತ ನಂಬಬಹುದು. ಉರಿಯದಿದ್ದರೆ ಇಲ್ಲ ಅಂತ ನಂಬಬಾರದು. ಎರಡು ಕಡ್ಡಿಯ ವೋಲ್ಟೇಜ್ ಟೆಸ್ಟರ್ ಅಥವಾ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ.

ಇನ್ನೊಂದು, ಸ್ವಿಚ್ಚು ಮೇಲಿದೆಯೋ ಕೆಳಗಿದೆಯೋ ನೋಡಿ ಆಫ್ ಅಂತ ತೀರ್ಮಾನಿಸಬೇಡಿ. ನಮಗೆ ಕೆಳಗೆ ಒತ್ತಿದರೆ ಆನ್. ಅಮೆರಿಕದಲ್ಲಿ ಮೇಲೆ ಎತ್ತಿದರೆ ಆನ್. ಮೆಟ್ಟಿಲಿನ ಎರಡೂ ತುದಿಗೆ ಇರುವ ಸ್ವಿಚ್ಚುಗಳಿಗಂತೂ ಮೇಲೆ-ಕೆಳಗೆಯ ಹಂಗೇ ಇಲ್ಲ. ನಾವು ಅದನ್ನು ಟೂ-ವೇ ಅನ್ನುತ್ತೇವೆ, ಅಮೆರಿಕದವರು ಅದನ್ನೇ ತ್ರೀ-ವೇ ಅನ್ನುತ್ತಾರೆ. ಅಂಗಡಿಯಲ್ಲಿ ಕೇಳುವಾಗ ನೆನಪಿರಲಿ.

ಸ್ವಿಚ್ಚು ಬದಲಿಸುವುದು

ಹಳೆಯದನ್ನು ಬಿಚ್ಚುವ ಮೊದಲು ಫೋನಿನಲ್ಲಿ ಎರಡು ಮೂರು ಫೋಟೋ ತೆಗೆಯಿರಿ. ಯಾವ ವೈರು ಯಾವ ಸ್ಕ್ರೂನಲ್ಲಿತ್ತು ಅಂತ ಸ್ಪಷ್ಟವಾಗಿ ಕಾಣಬೇಕು. ಮೆಟ್ಟಿಲಿನ ಸ್ವಿಚ್ಚಿನಲ್ಲಿ ಇದು ಇನ್ನೂ ಮುಖ್ಯ. ಅದರ ಮೂರು ಸ್ಕ್ರೂಗಳಲ್ಲಿ ‘ಕಾಮನ್’ ಅನ್ನುವುದು ಒಂದು ಇರುತ್ತದೆ. ಅದಕ್ಕೆ ಬರುವ ವೈರು ತಪ್ಪಿದರೆ ಲೈಟು ಒಂದು ತುದಿಯಿಂದ ಮಾತ್ರ ಮಾತು ಕೇಳುತ್ತದೆ.

ಸ್ವಿಚ್ಚು ಯಾವಾಗಲೂ ಫೇಸನ್ನು ಕತ್ತರಿಸಬೇಕು, ನ್ಯೂಟ್ರಲನ್ನಲ್ಲ. ನ್ಯೂಟ್ರಲ್ ಕತ್ತರಿಸಿದರೂ ಲೈಟು ಆಫ್ ಆಗುತ್ತದೆ. ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತದೆ. ಆದರೆ ಹೋಲ್ಡರಿನ ತನಕ ಕರೆಂಟ್ ಬಂದು ಕೂತಿರುತ್ತದೆ. ಒಂದು ದಿನ ಸ್ವಿಚ್ ಆಫ್ ಮಾಡಿ, ಸ್ಟೂಲ್ ಹತ್ತಿ, ಬಲ್ಬ್ ಬದಲಿಸಲು ಹೋದವರಿಗೆ ಶಾಕ್. ಶಾಕ್‌ಗಿಂತ ಸ್ಟೂಲಿನಿಂದ ಬೀಳುವುದೇ ದೊಡ್ಡ ಪೆಟ್ಟು. ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ಮಂದವಾಗಿ ಮಿಣುಕುತ್ತಿದ್ದರೆ ಇದೂ ಒಂದು ಕಾರಣ ಇರಬಹುದು. ಸ್ವಿಚ್ಚಿನೊಳಗೆ ಸಣ್ಣ ಇಂಡಿಕೇಟರ್ ದೀಪ ಇದ್ದರೂ ಹಾಗಾಗುತ್ತದೆ. ಯಾವುದು ಅಂತ ಒಮ್ಮೆ ಪರೀಕ್ಷೆ ಮಾಡಿಸಿ.

ವೈರಿನ ಹೊದಿಕೆಯನ್ನು ಬೇಕಾದಷ್ಟು ಮಾತ್ರ ಸುಲಿಯಿರಿ. ಸ್ಕ್ರೂಗೆ ಸುತ್ತುವುದಾದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸುತ್ತಿ. ಬಿಗಿ ಮಾಡಿದಂತೆಲ್ಲ ವೈರು ಒಳಗೆ ಎಳೆದುಕೊಳ್ಳುತ್ತದೆ. ಎದುರು ದಿಕ್ಕಿಗೆ ಸುತ್ತಿದರೆ ಹೊರಗೆ ಜಾರುತ್ತದೆ. ಬಿಗಿ ಮಾಡಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಿ. ಲೂಸ್ ಕನೆಕ್ಷನ್ ನಿಧಾನವಾಗಿ ಬಿಸಿಯಾಗುತ್ತದೆ. ಬೆಂಕಿ ಹುಟ್ಟುವುದು ಅಲ್ಲಿ. ಎರಡು ವೈರು ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿ ಗೋಡೆಯೊಳಗೆ ತಳ್ಳುವ ನಮ್ಮ ಹಳೆಯ ಚಾಳಿ ಬಿಟ್ಟುಬಿಡಿ. ಸರಿಯಾದ ಕನೆಕ್ಟರ್ ಹಾಕಿ, ಜೋಡಣೆ ಮುಚ್ಚಳ ಇರುವ ಪೆಟ್ಟಿಗೆಯೊಳಗೇ ಇರಲಿ. ಅರ್ಥ್ ವೈರನ್ನು ‘ಇದಿಲ್ಲದಿದ್ರೂ ಲೈಟು ಉರಿಯುತ್ತಲ್ಲ’ ಅಂತ ಮಡಚಿ ಬಿಡಬೇಡಿ. ಹಸಿರು-ಹಳದಿ ವೈರು ಉಳಿದಿದೆ ಅಂತ ಅದನ್ನು ಫೇಸಿಗೆ ಬಳಸುವುದಂತೂ ಅಪರಾಧವೇ ಸರಿ.

ಊರಿಂದ ತಂದ ಲ್ಯಾಂಪು

ಇಲ್ಲಿ ಮೋಸ ಹೋಗುವುದು ಅಡಾಪ್ಟರಿನಲ್ಲಿ. ಅಡಾಪ್ಟರ್ ಪ್ಲಗ್ಗಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. 230 ವೋಲ್ಟಿನ ಹಳೆಯ ತಂತಿ ಬಲ್ಬು 120ರಲ್ಲಿ ಮಂಕಾಗಿ ಉರಿಯುತ್ತದೆ, ಅಷ್ಟೇ. 120ರ ಬಲ್ಬನ್ನು 230ಕ್ಕೆ ಹಾಕಿದರೆ ಪಟ್ ಅಂತ ಹೋಗುತ್ತದೆ, ಒಡೆದರೂ ಒಡೆಯಿತು. ಬಲ್ಬಿನ ಮೇಲೆ 100–240 ಅಂತ ಬರೆದಿದ್ದರೆ ಎರಡೂ ಕಡೆ ನಡೆಯುತ್ತದೆ.

ಬಲ್ಬನ್ನು ಸ್ಕ್ರೂನಂತೆ ತಿರುಗಿಸುವ ಹೋಲ್ಡರಿನಲ್ಲಿ ಫೇಸ್ ನಡುವಿನ ಚುಕ್ಕೆಗೆ ಹೋಗಬೇಕು, ನ್ಯೂಟ್ರಲ್ ಸುತ್ತಲಿನ ಲೋಹದ ಬಳೆಗೆ. ಬಲ್ಬ್ ತಿರುಗಿಸುವಾಗ ಬೆರಳು ತಾಗುವುದು ಆ ಬಳೆಗೇ. ಅಮೆರಿಕದ ಹೋಲ್ಡರಿನಲ್ಲಿ ಹಿತ್ತಾಳೆ ಬಣ್ಣದ ಸ್ಕ್ರೂ ಫೇಸಿಗೆ, ಬೆಳ್ಳಿ ಬಣ್ಣದ್ದು ನ್ಯೂಟ್ರಲ್ಲಿಗೆ. ಅಲ್ಲಿನ ಚಪ್ಪಟೆ ವೈರಿನಲ್ಲಿ ಬೆರಳಾಡಿಸಿ ನೋಡಿ, ಒಂದು ಪಕ್ಕದಲ್ಲಿ ಸಣ್ಣ ಗೀರುಗಳು ಸಿಗುತ್ತವೆ. ಆ ಪಕ್ಕ ನ್ಯೂಟ್ರಲ್, ಪ್ಲಗ್ಗಿನ ಅಗಲದ ಕಾಲಿಗೆ ಸೇರುವಂಥದ್ದು. ಯುರೋಪಿನ ಬಹಳಷ್ಟು ದುಂಡು ಪ್ಲಗ್ಗುಗಳನ್ನು ಹೇಗೆ ತಿರುಗಿಸಿದರೂ ಸಾಕೆಟ್ಟಿಗೆ ಹಾಕಬಹುದು. ಹಾಗಾಗಿ ಅಲ್ಲಿ ಬಳೆಗೂ ಫೇಸ್ ಬರಬಹುದು. ಎಲ್ಲಿದ್ದರೂ ಬಲ್ಬ್ ಬದಲಿಸುವ ಮೊದಲು ಲ್ಯಾಂಪಿನ ಪ್ಲಗ್ಗನ್ನೇ ಕಿತ್ತುಬಿಡುವುದು ಒಳ್ಳೆಯದು. ಲ್ಯಾಂಪು ಲೋಹದ್ದಾದರೆ ಅರ್ಥ್ ಬೇಕು. ಒಂದರೊಳಗೊಂದು ಚೌಕದ ಗುರುತು ಇದ್ದರೆ ಮಾತ್ರ ಬೇಡ, ಅದು ಡಬಲ್ ಇನ್ಸುಲೇಷನ್, ಅಂದರೆ ಎರಡು ಪದರದ ರಕ್ಷಣೆ. ಬ್ರಿಟನ್ನಿನ ಪ್ಲಗ್ಗಿನೊಳಗೆ ಫ್ಯೂಸ್ ಇರುತ್ತದೆ. ಲ್ಯಾಂಪಿಗೆ 3 ಆಂಪ್ ಸಾಕು, 13 ಬೇಡ.

ಹೋಲ್ಡರಿನ ಮೇಲೆ ಬರೆದಿರುವ ವ್ಯಾಟ್ ದಾಟಬೇಡಿ. 9 ವ್ಯಾಟಿನ ಎಲ್‌ಇಡಿ ಹಳೆಯ 60 ವ್ಯಾಟಿನಷ್ಟು ಬೆಳಕು ಕೊಡುತ್ತದೆ, ಇನ್ನೇನು ಬೇಕು?

ಕೈ ಹಾಕಬಾರದ ಕಡೆ

ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳದೆ ಗೋಡೆ ಬಿಚ್ಚಬೇಡಿ. ಕೆಲವು ಕಡೆ ಸ್ವಂತ ಮನೆಯಾದರೂ ಬಿಚ್ಚುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಗೋಡೆಯ ಸ್ವಿಚ್ಚು ಬದಲಿಸಲೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬೇಕು. ನೀವಿರುವ ಕಡೆಯ ನಿಯಮ ಮೊದಲು ತಿಳಿದುಕೊಳ್ಳಿ. ಪೆಟ್ಟಿಗೆಯೊಳಗೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ವೈರು ಕಂಡರೆ, ಹೊದಿಕೆ ಮುಟ್ಟಿದರೆ ಪುಡಿಯಾದರೆ, ಸ್ವಿಚ್ಚು ಬಿಸಿಯಾದರೆ, ಗುಂಯ್ ಅಂದರೆ, ಸುಟ್ಟ ವಾಸನೆ ಬಂದರೆ ಮುಚ್ಚಳ ಹಾಕಿ, ಬ್ರೇಕರ್ ಆಫ್ ಇಟ್ಟು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಬ್ರೇಕರ್ ಪದೇಪದೇ ಬೀಳುತ್ತಿದೆ ಅಂತ ದೊಡ್ಡದನ್ನು ಹಾಕಿಸಬೇಡಿ. ಬಚ್ಚಲಮನೆಯ ಲೈಟೂ ಅವರಿಗೇ ಇರಲಿ.

ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ. ಓಡಿಹೋಗಿ ಮೇನ್ ಆಫ್ ಮಾಡಿ, ಆಮೇಲೆ ತುರ್ತು ನಂಬರಿಗೆ ಫೋನ್ ಮಾಡಿ. ಅದಕ್ಕೇ ಹೇಳುವುದು, ಬಂದ ದಿನವೇ ಬ್ರೇಕರ್ ಪೆಟ್ಟಿಗೆ ಎಲ್ಲಿದೆ ಅಂತ ಮನೆಯವರೆಲ್ಲರಿಗೂ ತೋರಿಸಿಡಿ. ಒಬ್ಬರು ಲೈಟಿನ ಕೆಳಗೆ ನಿಂತು ಕೂಗಲಿ, ಇನ್ನೊಬ್ಬರು ಒಂದೊಂದೇ ಬ್ರೇಕರ್ ಇಳಿಸಿ ನೋಡಲಿ. ಯಾವುದು ಯಾವ ರೂಮಿನದ್ದು ಅಂತ ಪಕ್ಕದಲ್ಲಿ ಬರೆದಿಡಿ, ಕನ್ನಡದಲ್ಲೂ.